ಪರದೇಶಕ್ಕೆ ಹೋದಾಗ ಗಾಂಜಾ ಸೇದಲು ನಾವು ಕೊಟ್ಟುಕೊಳ್ಳುವ ಕಾರಣಗಳು: ಬಿಚ್ಚು ಮನಸ್ಸಿನಿಂದ ಮಾತಾಡೋಣ ಬನ್ನಿ

ದಾರಿಹೋಕ

ಹೋದ ವರ್ಷ ನಾವು ನಾಲ್ಕು ಜನ ಗೆಳೆಯರು ಯುರೋಪ್ ಸುತ್ತಿ ಬಂದೆವು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮೂರು ದಿನ ಇದ್ದೆವು. ನಮ್ಮಲ್ಲಿ ಒಬ್ಬ ಸಿಗರೇಟನ್ನೂ ಮುಟ್ಟಿದವನಲ್ಲ. ಎರಡನೇ ದಿನ ಸಂಜೆ ಅವನೇ ಒಂದು ಕಾಫಿಶಾಪ್ ಮುಂದೆ ನಿಂತ. ಅಲ್ಲಿ ಕಾಫಿಶಾಪ್ ಅಂದರೆ ಗಾಂಜಾ ಮಾರುವ ಅಂಗಡಿ, ಬರೀ ಕಾಫಿ ಕುಡಿಯುವ ಜಾಗ ಬೇರೆ.

ಹತ್ತು ನಿಮಿಷದಲ್ಲಿ ಅವನ ಬಾಯಿಂದ ಮೂರು ಮಾತು ಬಂದವು. "ಇಲ್ಲಿ ಲೀಗಲ್ ಅಲ್ವಾ?" ಆಮೇಲೆ, "ಇಷ್ಟು ದೂರ ಬಂದು ನೋಡದೇ ಹೋದ್ರೆ ಹೇಗೆ?" ಕೊನೆಗೆ, "ವಾಪಸ್ ಹೋದ ಮೇಲೆ ಯಾರು ಸೇದ್ತಾರೆ, ಇದೊಂದೇ ಸಲ." ನಾವು ಯಾರೂ ಅವನನ್ನು ಬೇಡ ಅಂದಿರಲಿಲ್ಲ. ಬಾ ಅಂತಲೂ ಕರೆದಿರಲಿಲ್ಲ. ಯಾರೂ ಕೇಳದಿದ್ದರೂ ಅವನೇ ಉತ್ತರ ಕೊಡುತ್ತಿದ್ದ.

ಪಾಸ್‌ಪೋರ್ಟ್ ತೋರಿಸಿ ಒಳಗೆ ಹೋದೆವು. ಕಿಟಕಿ ಪಕ್ಕ ಒಂದು ಚಿಕ್ಕ ಮೇಜು. ಸುತ್ತಿಟ್ಟ ಜಾಯಿಂಟ್ ಪ್ಲಾಸ್ಟಿಕ್ ಕೊಳವೆಯಲ್ಲಿತ್ತು. ಮುಚ್ಚಳ ತೆಗೆದ, ಮೂಸಿ ನೋಡಿದ, ಮತ್ತೆ ಮೇಜಿನ ಮೇಲಿಟ್ಟ. ಜೇಬಿನಿಂದ ಫೋನ್ ತೆಗೆದು ಫ್ಲೈಟ್ ಮೋಡ್‌ಗೆ ಹಾಕಿ ಮಗುಚಿಟ್ಟ. ಆಮೇಲೆ ಹಚ್ಚಿದ.

ಆ ಫೋನು ನನಗೆ ಇವತ್ತಿಗೂ ಕಾಡುತ್ತಿದೆ. ಅವರಮ್ಮ ದಿನಾ ಅದೇ ಹೊತ್ತಿಗೆ ವಿಡಿಯೋ ಕಾಲ್ ಮಾಡುತ್ತಿದ್ದರು. ಲೀಗಲ್ ಅನ್ನುವುದೇ ನಿಜವಾದ ಕಾರಣವಾಗಿದ್ದರೆ ಫೋನ್ ಯಾಕೆ ಮುಚ್ಚಬೇಕಿತ್ತು?

ನಾನೂ ಎರಡು ದಮ್ಮು ಎಳೆದೆ. "ಅವನೊಬ್ಬನೇ ಆಗ್ತಾನೆ, ಜೊತೆಗಿರಬೇಕು" ಅಂತ ಆಗ ನನಗೆ ನಾನೇ ಹೇಳಿಕೊಂಡಿದ್ದೆ. ಈಗ ಯೋಚಿಸಿದರೆ ಅದೂ ನಿಜ ಅಲ್ಲ.

ಯಾರನ್ನೂ ಬೈಯುವ ಉದ್ದೇಶ ನನಗಿಲ್ಲ. ಎಲ್ಲಿ ಸಿಗುತ್ತೆ, ಹೇಗೆ ತರೋದು ಅನ್ನೋದು ಮಾತ್ರ ಇಲ್ಲಿ ಬೇಡ. ನೀವು ಹೇಳಿಕೊಂಡ ಕಾರಣ ಏನು, ಈಗ ಅದು ನಿಮಗೆ ಹೇಗೆ ಕಾಣುತ್ತೆ? ಅಷ್ಟು ಬರೆಯಿರಿ.

ಗಡಿಯಾರ

ಒಳ್ಳೆ ಪ್ರಶ್ನೆ. ಮೊದಲು ಆ "ಲೀಗಲ್" ಅನ್ನೋ ಮಾತನ್ನೇ ನೋಡೋಣ. ಹೆಚ್ಚಿನವರು ಅಲ್ಲೇ ಎಡವುತ್ತಾರೆ.

ನೆದರ್ಲ್ಯಾಂಡ್ಸ್‌ನಲ್ಲಿ ಗಾಂಜಾ ಇವತ್ತಿಗೂ ಕಾನೂನಿನ ಪ್ರಕಾರ ನಿಷಿದ್ಧ. 1976ರಲ್ಲಿ ಅವರ ಅಫೀಮು ಕಾಯ್ದೆಗೆ ತಿದ್ದುಪಡಿ ತಂದು, ಹೆರಾಯಿನ್‌ನಂಥವನ್ನು ಒಂದು ಕಡೆ, ಗಾಂಜಾವನ್ನು ಇನ್ನೊಂದು ಕಡೆ ಇಟ್ಟರು. ಆಮೇಲೆ ಬಂದದ್ದು ಸಹಿಸಿಕೊಳ್ಳುವ ನೀತಿ. ಡಚ್ ಭಾಷೆಯಲ್ಲಿ ಅದಕ್ಕೆ ಖೆಡೋಖ್ ಅನ್ನುತ್ತಾರೆ. ಅಂದರೆ ಅದು ತಪ್ಪೇ, ಆದರೆ ಇಷ್ಟರೊಳಗಿದ್ದರೆ ಕೇಸು ಹಾಕುವುದಿಲ್ಲ ಅಂತ. ಒಬ್ಬರ ಹತ್ತಿರ 5 ಗ್ರಾಂವರೆಗೆ ಇದ್ದರೆ ಸಾಮಾನ್ಯವಾಗಿ ಕೇಸಿಲ್ಲ. ಅಂಗಡಿ ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಹೆಚ್ಚು ಮಾರುವಂತಿಲ್ಲ, 500 ಗ್ರಾಂಗಿಂತ ಹೆಚ್ಚು ದಾಸ್ತಾನು ಇಡುವಂತಿಲ್ಲ.

ವಿಚಿತ್ರ ಇರೋದು ಹಿತ್ತಲ ಬಾಗಿಲಲ್ಲಿ. ಮುಂದಿನ ಬಾಗಿಲಲ್ಲಿ ಮಾರುವುದನ್ನು ಸರ್ಕಾರ ಸಹಿಸುತ್ತದೆ. ಅದೇ ಮಾಲು ಹಿಂದಿನ ಬಾಗಿಲಿಂದ ಒಳಗೆ ಬರುವುದು ಮಾತ್ರ ಅಪರಾಧ. ಬೆಳೆದವರು, ಸಾಗಿಸಿದವರು ಎಲ್ಲ ಕಾನೂನಿನ ಆಚೆಗಿದ್ದವರೇ. ಇದನ್ನು ಸರಿಮಾಡಲು ಪರವಾನಗಿ ಪಡೆದವರೇ ಬೆಳೆದು ಕೊಡುವ ಪ್ರಯೋಗವನ್ನು 2023ರ ಡಿಸೆಂಬರ್‌ನಲ್ಲಿ ಬ್ರೆಡಾ ಮತ್ತು ಟಿಲ್‌ಬರ್ಗ್ ನಗರಗಳಲ್ಲಿ ಶುರು ಮಾಡಿದರು. ಆದರೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಿಮ್ಮ ಗೆಳೆಯರು ಕೊಂಡದ್ದರ ಹಿಂದೆ ಯಾರಿದ್ದರು ಅಂತ ಅವರಿಗೂ ಗೊತ್ತಿಲ್ಲ, ಕೊಟ್ಟವನಿಗೂ ಪೂರ್ತಿ ಗೊತ್ತಿರಲಿಕ್ಕಿಲ್ಲ.

ಬೇರೆ ದೇಶಗಳ ವಿಷಯದಲ್ಲಿ "ಲೀಗಲ್" ಇನ್ನೂ ಜಾಸ್ತಿ ದಾರಿ ತಪ್ಪಿಸುತ್ತೆ. ಉರುಗ್ವೆ 2013ರಲ್ಲೇ ಕಾನೂನು ಮಾಡಿತು, ಜಗತ್ತಿನಲ್ಲೇ ಮೊದಲು. ಆದರೆ ಅಲ್ಲಿ ಕೊಳ್ಳುವ ಹಕ್ಕು ಅಲ್ಲಿನ ನಾಗರಿಕರಿಗೆ ಮತ್ತು ಕಾಯಂ ನಿವಾಸಿಗಳಿಗೆ. ಜರ್ಮನಿಯಲ್ಲಿ 2024ರ ಏಪ್ರಿಲ್ 1ರಿಂದ ವಯಸ್ಕರು 25 ಗ್ರಾಂ ಹೊತ್ತು ಓಡಾಡಬಹುದು. ಆದರೆ ಬೆಳೆಯುವ ಕ್ಲಬ್ಬಿನ ಸದಸ್ಯರಾಗಲು ಕನಿಷ್ಠ ಆರು ತಿಂಗಳಿಂದ ಅಲ್ಲಿ ವಾಸ ಇರಬೇಕು. ಹಾಗಾದರೆ ನಾಲ್ಕು ದಿನಕ್ಕೆ ಬರ್ಲಿನ್‌ಗೆ ಹೋದವರ ಕೈಗೆ ಅದು ಬಂದದ್ದು ಎಲ್ಲಿಂದ? ಹೆಚ್ಚಾಗಿ ಬೀದಿಯಿಂದ. ಆದರೂ ಬಾಯಲ್ಲಿ ಮಾತ್ರ "ಇಲ್ಲಿ ಲೀಗಲ್" ಅಂತ.

ನೀಲಿಕೊಡೆ

ದಾರಿಹೋಕ ಅವರೇ, ನಿಮ್ಮ ಗೆಳೆಯರು ಫೋನ್ ಮಗುಚಿಟ್ಟದ್ದನ್ನು ಓದಿದಾಗ ನನಗೆ ಓದಿನ ದಿನಗಳ ಒಂದು ಪಾಠ ನೆನಪಾಯಿತು.

1957ರಲ್ಲಿ ಗ್ರೆಶಮ್ ಸೈಕ್ಸ್ ಮತ್ತು ಡೇವಿಡ್ ಮಾಟ್ಜಾ ಅನ್ನೋ ಇಬ್ಬರು ಅಮೆರಿಕದ ಸಮಾಜಶಾಸ್ತ್ರಜ್ಞರು ದಾರಿ ತಪ್ಪಿದ ಹುಡುಗರ ಬಗ್ಗೆ ಒಂದು ಲೇಖನ ಬರೆದರು. ಆಗ ಹೆಚ್ಚಿನವರು ನಂಬಿದ್ದೇನೆಂದರೆ, ಇಂಥ ಹುಡುಗರಿಗೆ ಸಮಾಜದ ಸರಿ ತಪ್ಪುಗಳ ಮೇಲೆ ನಂಬಿಕೆಯೇ ಇಲ್ಲ, ಅವರದ್ದೇ ಬೇರೆ ಲೋಕ ಅಂತ. ಇವರಿಬ್ಬರು ಹಾಗಲ್ಲ ಅಂದರು. ನಂಬಿಕೆ ಇದೆ. ಇರುವುದಕ್ಕೇ ಅದನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಲು ಮಾತು ಬೇಕಾಗುತ್ತದೆ. "ನನ್ನ ಕೈಯಲ್ಲಿ ಏನಿತ್ತು?", "ಯಾರಿಗೇನು ನಷ್ಟ ಆಯ್ತು?", "ಅವರಿಗೆ ಹಾಗೇ ಆಗಬೇಕು", "ಹೇಳೋರೇನು ಸಾಚಾನಾ?", "ನಮ್ಮ ಹುಡುಗರಿಗೋಸ್ಕರ ಮಾಡ್ದೆ." ಹೀಗೆ ಐದು ಬಗೆಯ ಮಾತುಗಳನ್ನು ಅವರು ಗುರುತಿಸಿದರು.

ಪ್ರವಾಸಿಗಳ ಬಾಯಲ್ಲಿ ಇವೇ ಬೇರೆ ಬಟ್ಟೆ ಹಾಕಿಕೊಂಡು ಬರುತ್ತವೆ. "ಎಲ್ಲರೂ ಸೇದ್ತಾ ಇದ್ರು, ನಾನೊಬ್ಬ ಬೇಡ ಅಂದ್ರೆ ಚೆನ್ನಾಗಿರ್ತಿರಲಿಲ್ಲ." "ಗಿಡದ ಸೊಪ್ಪು ತಾನೇ?" "ಹೆಂಡ ಕುಡಿಯೋರು ನನಗೆ ಬುದ್ಧಿ ಹೇಳ್ತಾರೆ." "ಅವನೊಬ್ಬನೇ ಆಗ್ತಾನೆ" ಅಂದಿರಲ್ಲ, ಅದು ಐದನೆಯ ಬಗೆ.

ಪ್ರವಾಸಕ್ಕೆ ಅಂತಲೇ ಇನ್ನೊಂದು ಇದೆ, ಅದು ಆ ಐದರಲ್ಲಿ ಸರಿಯಾಗಿ ಕೂರುವುದಿಲ್ಲ. "ಇದು ನಾನಲ್ಲ, ರಜೆಯಲ್ಲಿರೋ ನಾನು." ಹೊರಡುವಾಗ ಹೆಸರು, ಕೆಲಸ, ನೆಂಟರು ಎಲ್ಲ ಹಿಂದೆ ಉಳಿಯುತ್ತವೆ. ಹೊಸ ಬೀದಿಯಲ್ಲಿ ಯಾರೂ ಗುರುತಿಸುವುದಿಲ್ಲ. 2000ದ ದಶಕದಲ್ಲಿ ಇಸ್ರೇಲಿನ ಸಂಶೋಧಕರು ಪ್ರವಾಸಿಗಳನ್ನು ಕೂರಿಸಿ ಮಾತಾಡಿಸಿ ಈ ವಿಷಯದ ಮೇಲೆ ಬರೆದಿದ್ದಾರೆ. ಬರೀ ಮಜಾಕ್ಕೆ ಸೇದಿದವರೂ ಸಿಕ್ಕರು, ಏನೋ ಆಳವಾದ ಅನುಭವ ಹುಡುಕಿ ಹೋದವರೂ ಸಿಕ್ಕರು. ನನಗೆ ಅನ್ನಿಸುವುದು, ಇಬ್ಬರಿಗೂ ಆ ಧೈರ್ಯ ಬರುವುದು ಗುರುತಿನವರು ಇಲ್ಲದ ಜಾಗದಿಂದಲೇ.

ಇರುಳುಬಸ್ಸು

ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ಇದು ಪೂರ್ತಿ ಕಾನೂನುಬದ್ಧ. ವ್ಯಾಂಕೂವರ್‌ನಲ್ಲಿ ಪರವಾನಗಿ ಇರುವ ಅಂಗಡಿಗೆ ಹೋದೆ, ವಯಸ್ಸಿನ ದಾಖಲೆ ತೋರಿಸಿದೆ, ಡಬ್ಬಿ ಮೇಲೆ ಟಿಎಚ್‌ಸಿ, ಅಂದರೆ ಅಮಲು ಕೊಡುವ ಅಂಶ, ಎಷ್ಟು ಮಿಲಿಗ್ರಾಂ ಅಂತ ಓದಿದೆ, ಬಿಲ್ ತೆಗೆದುಕೊಂಡೆ. ಹಿತ್ತಲ ಬಾಗಿಲು ಇಲ್ಲ, ಬೀದಿಯವನಿಲ್ಲ. ನನ್ನ ಮನೆಯವರಿಗೂ ಗೊತ್ತು. ಇದಕ್ಕೆ ನಾನು ಯಾಕೆ ಕಾರಣ ಕೊಡಬೇಕು? ಅದೇ ಪ್ರವಾಸದಲ್ಲಿ ಜೊತೆಗಿದ್ದವರು ದಿನಾ ರಾತ್ರಿ ಕುಡಿದರು. ಅವರನ್ನು ಯಾರೂ ಏನೂ ಕೇಳಲಿಲ್ಲ.

"ಕೊಟ್ಟುಕೊಳ್ಳುವ ಕಾರಣ" ಅನ್ನೋ ಮಾತಲ್ಲೇ ತೀರ್ಪು ಕೂತಿದೆ. ಒಬ್ಬ ವಯಸ್ಕ ತಿಳಿದು ಮಾಡಿದ ಆಯ್ಕೆಯನ್ನೂ ಹೆದರಿಕೊಂಡು ಫೋನ್ ಮಗುಚಿಟ್ಟದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ದಾರಿಹೋಕ

ಇರುಳುಬಸ್ಸು ಅವರೇ, ನೀವು ಹೇಳಿದ್ದು ಸರಿ. ಮನೆಯಲ್ಲಿ ಹೇಳಿ, ಬಿಲ್ ಇಟ್ಟುಕೊಂಡು ಮಾಡಿದ್ದು ಬೇರೆ. ನಾನು ಕೇಳುತ್ತಿರುವುದು ಕಾರಣ ಬೇಕಾಗಿ ಬಂದವರ ಬಗ್ಗೆ, ನನ್ನನ್ನೂ ಸೇರಿಸಿ.

ಗಡಿಯಾರ

ಕೆನಡಾ ಬಗ್ಗೆ ಒಂದು ಸೇರಿಸಬೇಕು. ಇರುಳುಬಸ್ಸು ಅವರಿಗಲ್ಲ, ಓದುವ ಬೇರೆಯವರಿಗೆ. ಅಲ್ಲಿ ಕೊಂಡದ್ದನ್ನು ದೇಶದಿಂದ ಹೊರಗೆ ಒಯ್ಯುವುದು ಅಪರಾಧ. ಪಕ್ಕದ ಅಮೆರಿಕದ ರಾಜ್ಯದಲ್ಲೂ ಅದು ಸಕ್ರಮ ಆಗಿದ್ದರೂ ಅಷ್ಟೆ, ಯಾಕೆಂದರೆ ಗಡಿ ಕಾಯುವುದು ಕೇಂದ್ರ ಸರ್ಕಾರ, ಅಲ್ಲಿನ ಕೇಂದ್ರ ಕಾನೂನಿನಲ್ಲಿ ಗಾಂಜಾ ಇನ್ನೂ ನಿಷಿದ್ಧ.

ಬ್ರಿಟ್ನಿ ಗ್ರೈನರ್ ಪ್ರಕರಣ ನೆನಪಿದೆಯಾ? ಒಲಿಂಪಿಕ್ ಚಿನ್ನ ಗೆದ್ದ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ. ತಮ್ಮ ರಾಜ್ಯದಲ್ಲಿ ವೈದ್ಯರ ಸಲಹೆಯ ಮೇಲೆ ಗಾಂಜಾ ಬಳಸುತ್ತಿದ್ದರು. 2022ರ ಫೆಬ್ರವರಿಯಲ್ಲಿ ಮಾಸ್ಕೋ ವಿಮಾನ ನಿಲ್ದಾಣದಲ್ಲಿ ಅವರ ಬ್ಯಾಗಿನಲ್ಲಿ ಇ-ಸಿಗರೇಟಿಗೆ ಹಾಕುವ ಗಾಂಜಾ ಎಣ್ಣೆಯ ವೇಪ್ ಕಾರ್ಟ್ರಿಜ್ ಸಿಕ್ಕವು. ಎಲ್ಲ ಸೇರಿ ಒಂದು ಗ್ರಾಂ ಕೂಡ ಇರಲಿಲ್ಲ. ಅವಸರದಲ್ಲಿ ಪ್ಯಾಕ್ ಮಾಡುವಾಗ ತಪ್ಪಿ ಬಂದದ್ದು ಅಂದರು. ಆಗಸ್ಟ್‌ನಲ್ಲಿ ಒಂಬತ್ತು ವರ್ಷ ಶಿಕ್ಷೆ ಆಯಿತು. ಡಿಸೆಂಬರ್‌ನಲ್ಲಿ ವಿಕ್ಟರ್ ಬೌಟ್ ಅನ್ನೋ ರಷ್ಯಾದ ಶಸ್ತ್ರಾಸ್ತ್ರ ವ್ಯಾಪಾರಿಯನ್ನು ಬಿಟ್ಟುಕೊಟ್ಟು ಅಮೆರಿಕ ಅವರನ್ನು ಬಿಡಿಸಿಕೊಂಡಿತು. ಎಲ್ಲರ ಬೆನ್ನಿಗೂ ಒಂದು ದೇಶ ಹಾಗೆ ನಿಲ್ಲುವುದಿಲ್ಲ.

ಮಳೆಬಿಲ್ಲು

ನಾನು ಜಾಸ್ತಿ ಕೇಳಿದ ಕಾರಣ "ಅದು ಅವರ ಸಂಸ್ಕೃತಿ." ಅದರ ಬಗ್ಗೆ ನನಗೆ ಬಹಳ ಸಂಕಟ ಇದೆ, ಸ್ವಲ್ಪ ಉದ್ದ ಬರೆಯುತ್ತೇನೆ.

ಕೆಲವು ವರ್ಷಗಳ ಹಿಂದೆ ನೇಪಾಳದಲ್ಲಿ ಚಾರಣಕ್ಕೆ ಹೋಗಿದ್ದೆ. ನಮ್ಮ ಗುಂಪಿನಲ್ಲಿ ಬೇರೆ ಬೇರೆ ದೇಶದವರಿದ್ದರು. ಅವರಲ್ಲಿ ಇಬ್ಬರು ಮೊದಲ ದಿನದಿಂದಲೇ ಸಾಧುಗಳು, ಶಿವ, ಚಿಲುಮೆ ಅಂತ ಶುರು ಮಾಡಿದ್ದರು. "ಇಲ್ಲಿ ಇದು ಪವಿತ್ರ, ನಾವು ಗೌರವದಿಂದ ಸೇದುತ್ತೇವೆ" ಅನ್ನುತ್ತಿದ್ದರು. ಮೂಟೆ ಹೊರುತ್ತಿದ್ದ ಒಬ್ಬ ಹುಡುಗನಿಗೆ ಹೇಳಿ ತರಿಸಿಕೊಂಡರು. ಇಪ್ಪತ್ತು ವರ್ಷವೂ ಆಗಿರಲಿಲ್ಲ ಅವನಿಗೆ.

ಒಂದು ರಾತ್ರಿ ಒಲೆ ಮುಂದೆ ಕೂತಾಗ ಅವನನ್ನು ಕೇಳಿದೆ, ನೀನು ಸೇದುತ್ತೀಯಾ ಅಂತ. ಅವನು ಬೆಂಕಿ ಕೆದಕುತ್ತಾ, "ಇಲ್ಲ ದೀದಿ. ಅಪ್ಪನಿಗೆ ಗೊತ್ತಾದರೆ ಮನೆಗೆ ಸೇರಿಸಲ್ಲ" ಅಂದ. ಮತ್ತೆ ಯಾಕೆ ತಂದುಕೊಟ್ಟೆ ಅಂದೆ. "ಇಲ್ಲ ಅಂದರೆ ಮುಂದಿನ ಸಲ ಬೇರೆಯವನನ್ನು ಕರೆಯುತ್ತಾರೆ." ಪೊಲೀಸರು ಹಿಡಿದರೆ ಅಂದದ್ದಕ್ಕೆ ಅವನು ಏನೂ ಹೇಳಲಿಲ್ಲ. ತನ್ನ ಎದೆ ಮೇಲೆ ಬೆರಳಿಟ್ಟು ತೋರಿಸಿದ.

ಕಠ್ಮಂಡುವಿನ ಝೋಛೆಂ ಬೀದಿಗೆ ಇವತ್ತಿಗೂ ಫ್ರೀಕ್ ಸ್ಟ್ರೀಟ್ ಅನ್ನೋ ಹೆಸರಿದೆ. ಹಿಪ್ಪಿಗಳ ಕಾಲದಲ್ಲಿ ಅಲ್ಲಿ ಪರವಾನಗಿ ಪಡೆದ ಗಾಂಜಾ, ಚರಸ್ ಅಂಗಡಿಗಳೇ ಇದ್ದವು. 1973ರಲ್ಲಿ ಅವನ್ನು ಮುಚ್ಚಿಸಿದರು. 1976ರಲ್ಲಿ ಅದನ್ನು ನಿಷೇಧಿಸುವ ಕಾನೂನು ಬಂತು. ಶಿವರಾತ್ರಿಗೆ ಪಶುಪತಿನಾಥದಲ್ಲಿ ಸಾಧುಗಳು ಸೇದುವುದನ್ನು ಎಲ್ಲರೂ ನೋಡಿದ್ದಾರೆ, ನಿಜ. ಆದರೆ ಅದು ಅವರ ವ್ರತದ ಭಾಗ. ಮನೆ ಮಠ ಬಿಟ್ಟವರ ಆಚರಣೆ ಒಂದು ವಾರಕ್ಕೆ ಬಂದವರಿಗೆ ಹೇಗೆ ಹೊಂದುತ್ತೆ?

ಜಮೈಕಾದಲ್ಲೂ ಇದೇ ಮಾತು. 2015ರಲ್ಲಿ ಅಲ್ಲಿ ಎರಡು ಔನ್ಸ್‌ವರೆಗೆ ಇಟ್ಟುಕೊಳ್ಳುವುದನ್ನು ಜೈಲಿನ ಅಪರಾಧದಿಂದ ದಂಡಕ್ಕೆ ಇಳಿಸಿದರು. ರಾಸ್ತಫಾರಿ ಅನ್ನೋ ಅಲ್ಲಿನ ಧಾರ್ಮಿಕ ಪಂಥದ ಜನರಿಗೆ ತಮ್ಮ ಪೂಜೆಗೆ ಬಳಸುವ ಹಕ್ಕೂ ಸಿಕ್ಕಿತು. ಆ ಹಕ್ಕಿಗಾಗಿ ಅವರು ದಶಕಗಳ ಕಾಲ ಪೊಲೀಸರ ಏಟು ತಿಂದಿದ್ದಾರೆ, ಜೈಲಿಗೆ ಹೋಗಿದ್ದಾರೆ. ಸಮುದ್ರ ದಂಡೆಯ ಹೋಟೆಲಿನಲ್ಲಿ ಕೂತು "ಇಲ್ಲಿ ಇದು ಧರ್ಮ" ಅನ್ನುವಾಗ ಆ ಜನರ ಒಂದು ಹೆಸರಾದರೂ ನಮಗೆ ಗೊತ್ತಿರುತ್ತಾ?

ಸಂಸ್ಕೃತಿ ಅನ್ನುವವರಿಗೆ ನಾನು ಒಂದೇ ಕೇಳುತ್ತೇನೆ. ತಂದುಕೊಟ್ಟ ಹುಡುಗ ಸಿಕ್ಕಿಬಿದ್ದರೆ ನೀವು ನಿಮ್ಮ ವಿಮಾನ ಬಿಟ್ಟು ಅವನ ಜೊತೆ ಠಾಣೆಗೆ ಹೋಗುತ್ತೀರಾ?

ಹಳೇಛತ್ರಿ

ಓದಿ ಕಣ್ಣು ತುಂಬಿತು ಮಳೆಬಿಲ್ಲು ಅವರೇ. ನಾನೂ ಹೀಗೇ ಒಬ್ಬ ಟ್ಯಾಕ್ಸಿ ಡ್ರೈವರ್ ಹತ್ತಿರ ತರಿಸಿಕೊಂಡಿದ್ದೆ. ಅವನ ಬಗ್ಗೆ ಒಂದು ಕ್ಷಣವೂ ಯೋಚಿಸಿರಲಿಲ್ಲ. ಇವತ್ತು ಯೋಚಿಸುತ್ತಿದ್ದೇನೆ.

ಕಾಗದದದೋಣಿ

ನಾನು ನರ್ಸ್. ನನಗೆ ನೋವು ಕೊಡುವ ಮಾತು "ನನ್ನ ದೇಹ, ನನ್ನಿಷ್ಟ, ಯಾರಿಗೇನು?"

ಇದು ಅಮೆರಿಕದ ಕೊಲರಾಡೋ ರಾಜ್ಯದಲ್ಲಿ ನಡೆದದ್ದು. ಅಲ್ಲಿ 2014ರ ಜನವರಿ 1ರಿಂದ ಅಂಗಡಿಗಳಲ್ಲಿ ಮಾರಾಟ ಶುರುವಾಯಿತು. ಅದೇ ಮಾರ್ಚ್‌ನಲ್ಲಿ ಹೊರದೇಶದಿಂದ ಬಂದು ಪಕ್ಕದ ರಾಜ್ಯದಲ್ಲಿ ಓದುತ್ತಿದ್ದ 19 ವರ್ಷದ ಹುಡುಗನೊಬ್ಬ ಗೆಳೆಯರ ಜೊತೆ ಡೆನ್ವರ್‌ಗೆ ಬಂದ. ಗಾಂಜಾ ಕುಕ್ಕಿಯ ಒಂದು ತುಂಡು ತಿಂದ. ಅರ್ಧ ಗಂಟೆ ಆದರೂ ಏನೂ ಅನ್ನಿಸಲಿಲ್ಲ. ಉಳಿದದ್ದನ್ನೆಲ್ಲ ತಿಂದ. ಆ ಒಂದು ಕುಕ್ಕಿಯಲ್ಲಿ ಆರು ಸಲಕ್ಕಾಗುವಷ್ಟು ಇತ್ತು. ಕೆಲವು ಗಂಟೆಗಳಲ್ಲಿ ಅವನ ಹಿಡಿತ ತಪ್ಪಿತು. ಹೋಟೆಲ್ ಬಾಲ್ಕನಿಯಿಂದ ಬಿದ್ದು ತೀರಿಹೋದ. ಆಮೇಲೆ ಆ ರಾಜ್ಯ ತಿನಿಸುಗಳಲ್ಲಿ ಒಂದೊಂದು ಸಲದ ಪ್ರಮಾಣ ಬೇರೆ ಬೇರೆಯಾಗಿ ಕಾಣಬೇಕು ಅಂತ ನಿಯಮ ಬಿಗಿ ಮಾಡಿತು.

ಸೇದಿದರೆ ನಿಮಿಷಗಳಲ್ಲಿ ಗೊತ್ತಾಗುತ್ತೆ. ತಿಂದರೆ ಹೊಟ್ಟೆ, ಯಕೃತ್ತು ಎಲ್ಲ ದಾಟಿ ಬರಬೇಕು. ಅರ್ಧ ಗಂಟೆಯಿಂದ ಎರಡು ಗಂಟೆ ಬೇಕಾಗಬಹುದು, ಏರಿದ ಮೇಲೆ ಹಲವು ಗಂಟೆ ಇಳಿಯುವುದಿಲ್ಲ. ಅಭ್ಯಾಸ ಇಲ್ಲದವರೇ ಇದರಲ್ಲಿ ಸಿಕ್ಕಿಕೊಳ್ಳುತ್ತಾರೆ. "ಇದೊಂದೇ ಸಲ" ಅನ್ನುವವರು ಅಂದರೆ ಅಭ್ಯಾಸ ಇಲ್ಲದವರೇ ಅಲ್ವಾ?

ನನ್ನ ಗೆಳತಿಯೊಬ್ಬಳು ಬ್ಯಾಂಕಾಕ್‌ನಲ್ಲಿ ಗಾಂಜಾ ಹಾಕಿದ ಗಮ್ಮಿ ಮಿಠಾಯಿ ತಿಂದಳು. ರಾತ್ರಿ ಎರಡಕ್ಕೆ ನನ್ನ ಕೈ ಹಿಡಿದುಕೊಂಡು "ನಾನು ಸಾಯ್ತಿದ್ದೀನಿ, ಎದೆ ನೋಡು" ಅಂತ ನಡುಗುತ್ತಿದ್ದಳು. ನಾಡಿ 130ರ ಮೇಲಿತ್ತು. ಬೆಳಗಿನವರೆಗೆ ಬಾತ್‌ರೂಮಿನ ನೆಲದ ಮೇಲೆ ಕೂತಿದ್ದೆವು, ಒದ್ದೆ ಟವೆಲ್ ಹಿಡಿದುಕೊಂಡು. ನಾನು ಮಾತ್ರ ಏನೂ ತಿಂದಿರಲಿಲ್ಲ, ಅದಕ್ಕೇ ಎಚ್ಚರದಲ್ಲಿದ್ದೆ. ಅವಳು ಸರಿಹೋದಳು, ದೇವರ ದಯೆ. ಅವಳ ದೇಹ, ಅವಳಿಷ್ಟ, ಒಪ್ಪುತ್ತೇನೆ. ಆ ರಾತ್ರಿಯ ಭಯ ಮಾತ್ರ ನನ್ನದೂ ಆಗಿತ್ತು.

ಗಡಿಯಾರ

ಥಾಯ್ಲೆಂಡ್ ಹೆಸರು ಬಂತಲ್ಲ. 2022ರ ಜೂನ್ 9ರಂದು ಅಲ್ಲಿ ಗಾಂಜಾವನ್ನು ಮಾದಕ ವಸ್ತುಗಳ ಪಟ್ಟಿಯಿಂದ ತೆಗೆದರು. ಬೀದಿ ಬೀದಿಗೆ ಅಂಗಡಿ ಬಂದವು. ಆಗಲೂ ಸಾರ್ವಜನಿಕ ಜಾಗದಲ್ಲಿ ಸೇದಿ ತೊಂದರೆ ಕೊಟ್ಟರೆ ಮೂರು ತಿಂಗಳವರೆಗೆ ಜೈಲು ಅಥವಾ 25,000 ಬಾತ್‌ವರೆಗೆ ದಂಡ ಇತ್ತು. 2025ರ ಜೂನ್‌ನಲ್ಲಿ ಮತ್ತೆ ನಿಯಮ ಬಿಗಿಯಾಗಿ, ಗಾಂಜಾ ಹೂವು ಕೊಳ್ಳಲು ವೈದ್ಯರ ಚೀಟಿ ಬೇಕಾಯಿತು. ಆದರೆ "ನನ್ನ ಫ್ರೆಂಡ್ ಹೋದಾಗ ಆರಾಮಾಗಿ ಸಿಗ್ತಿತ್ತು" ಅನ್ನೋ ಮಾತು ಇನ್ನೂ ಓಡಾಡುತ್ತಲೇ ಇದೆ. ಗೆಳೆಯನ ನೆನಪು ಕಾನೂನಲ್ಲ.

"ಅಲ್ಲಿ ಸೇದಿದ್ದು ಅಲ್ಲಿಗೇ ಮುಗೀತು" ಅನ್ನುವವರಿಗೂ ಒಂದು ಮಾತು. ಸಿಂಗಪುರದ ನಾಗರಿಕರು ಮತ್ತು ಕಾಯಂ ನಿವಾಸಿಗಳು ಹೊರದೇಶದಲ್ಲಿ ಸೇದಿದರೂ ತಮ್ಮ ದೇಶದಲ್ಲಿ ತಪ್ಪಿತಸ್ಥರೇ. ದಕ್ಷಿಣ ಕೊರಿಯಾದವರಿಗೂ ಹಾಗೇ. ಕೆನಡಾ ಕಾನೂನು ಬಂದಾಗ ಕೊರಿಯಾ ಸರ್ಕಾರ ತನ್ನ ಜನರಿಗೆ ಇದನ್ನು ಬಿಡಿಸಿ ಹೇಳಿತ್ತು. ಟಿಎಚ್‌ಸಿ ಕೊಬ್ಬಿನಲ್ಲಿ ಕರಗಿ ಉಳಿಯುವ ವಸ್ತು. ಅಮಲು ಇಳಿದು ಎಷ್ಟೋ ದಿನ ಆದ ಮೇಲೂ ಮೂತ್ರ ಪರೀಕ್ಷೆಯಲ್ಲಿ ಅದರ ಗುರುತು ಸಿಗುತ್ತೆ, ಜಾಸ್ತಿ ಬಳಸುವವರಲ್ಲಿ ವಾರಗಟ್ಟಲೆ.

ಸೇತುವೆಮನೆ

ನಾನು ಆಮ್‌ಸ್ಟರ್‌ಡ್ಯಾಮ್‌ನಲ್ಲೇ ಇದ್ದೇನೆ, ಹಳೇ ಊರಿನ ನಡುವೆ, ಎಂಟು ವರ್ಷದಿಂದ. ಇದುವರೆಗೆ ಸುಮ್ನೆ ಓದುತ್ತಿದ್ದೆ.

"ಯಾರಿಗೂ ತೊಂದರೆ ಇಲ್ಲ" ಅನ್ನುವ ಮಾತು ನಮ್ಮ ಬೀದಿಯಲ್ಲಿ ನಿಂತು ಕೇಳಿದರೆ ಬೇರೆ ಥರ ಕೇಳಿಸುತ್ತೆ. ನನ್ನ ಕೆಳಗಿನ ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ಹೆಂಗಸು ಒಂಟಿಯಾಗಿ ಇದ್ದಾರೆ. ಶನಿವಾರ, ಭಾನುವಾರ ಬೆಳಗ್ಗೆ ಏಳಕ್ಕೆ ಬಕೆಟ್ ಮತ್ತು ಗಟ್ಟಿ ಪೊರಕೆ ಹಿಡಿದು ತಮ್ಮ ಮನೆ ಮೆಟ್ಟಿಲು ತೊಳೆಯುತ್ತಾರೆ. ರಾತ್ರಿ ಅಲ್ಲಿ ಯಾರೋ ಕೂತು ಸೇದಿರುತ್ತಾರೆ, ವಾಂತಿ ಮಾಡಿರುತ್ತಾರೆ, ಕೆಲವು ಸಲ ಅಲ್ಲೇ ಮಲಗಿರುತ್ತಾರೆ. ಇಷ್ಟಾದರೂ ಅವರಿಗೆ ಗಾಂಜಾ ಮೇಲೆ ಸಿಟ್ಟಿಲ್ಲ. ತಮ್ಮ ಕಾಲದಲ್ಲಿ ತಾವೂ ಸೇದಿದವರೇ. ಅವರ ಸಿಟ್ಟು ಏನೆಂದರೆ, "ಇವರಿಗೆ ಇದು ಯಾರೋ ವಾಸ ಇರುವ ಮನೆ ಅಂತಲೇ ಅನ್ನಿಸಲ್ಲ."

2023ರ ಮೇ ತಿಂಗಳಿಂದ ರೆಡ್ ಲೈಟ್ ಪ್ರದೇಶದ ಬೀದಿಗಳಲ್ಲಿ ಗಾಂಜಾ ಸೇದುವಂತಿಲ್ಲ, 100 ಯೂರೋ ದಂಡ. ಅದೇ ವರ್ಷ ನಗರಸಭೆ ಬ್ರಿಟನ್ನಿನ ಹುಡುಗರನ್ನು ಉದ್ದೇಶಿಸಿ, ಅಮಲಿಗಾಗಿ ಬರುವುದಾದರೆ ದೂರ ಇರಿ ಅಂತ ಜಾಹೀರಾತನ್ನೇ ಹಾಕಿತು. ಕಾಫಿಶಾಪ್‌ಗಳಿಗೆ ಹೊರಗಿನವರು ಬರುವುದೇ ಬೇಡ ಅಂತ ಮೇಯರ್ ಫೆಮ್ಕೆ ಹಲ್ಸೆಮಾ 2021ರಲ್ಲಿ ಪ್ರಸ್ತಾವ ಇಟ್ಟರು. ನಗರಸಭೆಯ ಬೆಂಬಲ ಸಿಗಲಿಲ್ಲ. ಮಾಸ್ಟ್ರಿಕ್ಟ್ ನಗರದಲ್ಲಾದರೆ ಹಲವು ವರ್ಷಗಳಿಂದ ನಿವಾಸಿಗಳಿಗಷ್ಟೇ ಒಳಗೆ ಪ್ರವೇಶ.

ದಾರಿಹೋಕ ಅವರೇ, ನೀವು ಒಳಗೆ ಕೂತು, ಮುಗಿಸಿ, ಎದ್ದು ಹೋಗಿದ್ದೀರಿ. ನಿಮ್ಮ ಮೇಲೆ ನನಗೇನೂ ಬೇಜಾರಿಲ್ಲ. ಆದರೆ "ಇಷ್ಟು ದೂರ ಬಂದು ನೋಡದೇ ಹೋದ್ರೆ ಹೇಗೆ" ಅನ್ನುವವರು ಇಲ್ಲಿ ಏನು ನೋಡಿ ಹೋಗುತ್ತಾರೆ ಅಂತ ನನಗೆ ಯಾವಾಗಲೂ ಅನ್ನಿಸುತ್ತೆ. ನಿಜವಾಗಿ ನೋಡಿದ್ದರೆ ಆ ಮೆಟ್ಟಿಲೂ ಕಾಣುತ್ತಿತ್ತು.

ಇರುಳುಬಸ್ಸು

ಮತ್ತೆ ಬಂದೆ. ನನ್ನ ಮಾತು ಬದಲಾಗಿಲ್ಲ, ಸಕ್ರಮವಾಗಿ ಕೊಂಡವನಿಗೆ ಕಾರಣ ಬೇಕಿಲ್ಲ. ಆದರೆ ಇಲ್ಲಿ ಎಲ್ಲರೂ ಬರೆದದ್ದನ್ನು ಓದಿ ಹಳೆಯದೊಂದು ನೆನಪಾಯಿತು. ಕೆನಡಾಗೆ ಹೋಗುವ ಎಷ್ಟೋ ವರ್ಷ ಮೊದಲು ಮೊರಾಕ್ಕೋದ ರಿಫ್ ಬೆಟ್ಟಗಳ ಕಡೆ ಹೋಗಿದ್ದೆ. ಅಲ್ಲಿ ಗಾಂಜಾ ಗಿಡದಿಂದಲೇ ಮಾಡುವ ಹಶೀಶ್ ಕೊಂಡೆ. ಆಗ ನಾನು ಹೇಳಿಕೊಂಡದ್ದು, "ಬಡ ರೈತನಿಗೆ ನಾಲ್ಕು ಕಾಸು ಸಿಗುತ್ತೆ." ಯಾವ ರೈತ, ಅವನಿಗೆ ಎಷ್ಟು ಸಿಕ್ಕಿತು, ನನಗೆ ಮಾರಿದವನು ಯಾರು, ಒಂದನ್ನೂ ಕೇಳಲಿಲ್ಲ. ಹೋಟೆಲಿನವರು ಬಾಗಿಲು ತಟ್ಟಿದಾಗ ಹಾಸಿಗೆ ಕೆಳಗೆ ತಳ್ಳಿದ್ದೆ. ಅವತ್ತು ನನ್ನ ಹತ್ತಿರವೂ ಒಂದು ಮಗುಚಿಟ್ಟ ಫೋನ್ ಇತ್ತು ಅನ್ನಬಹುದು.

ನೀಲಿಕೊಡೆ

ಇಷ್ಟು ನೇರವಾಗಿ ಬರೆದದ್ದಕ್ಕೆ ವಂದನೆ. ರೈತನ ಮಾತು ನನಗೆ ಹೊಸದು, ಅದನ್ನು ಯೋಚಿಸುತ್ತಾ ಇರುತ್ತೇನೆ.

ದಾರಿಹೋಕ

ಎಲ್ಲರಿಗೂ ಧನ್ಯವಾದ. ನಿನ್ನೆ ಇದನ್ನೆಲ್ಲ ಆ ಗೆಳೆಯನಿಗೆ ಕಳಿಸಿದೆ. ಅವನ ಹೆಸರು ಹೇಳಿಲ್ಲ, ಆದರೂ ಅವನ ವಿಷಯ ಬರೆದದ್ದಕ್ಕೆ ಮೊದಲು ಕ್ಷಮೆ ಕೇಳಿದೆ. ಪೂರ್ತಿ ಓದಿದ. ರಾತ್ರಿ ಫೋನ್ ಮಾಡಿದ.

ಅಮ್ಮನಿಗೆ ಹೆದರಿ ಮುಚ್ಚಿದೆಯಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಹೆದರಿಕೆ ಅಲ್ಲ ಕಣೋ. ಅವಳು ಕಾಲ್ ಮಾಡಿದರೆ ನಾನು ಅವಳ ಮಗ ಆಗಿಬಿಡ್ತಿದ್ದೆ. ಆಮೇಲೆ ಹಚ್ಚೋಕೆ ಆಗ್ತಿರಲಿಲ್ಲ" ಅಂದ.

ಆ ಸಂಜೆ ಅವರು ಎರಡು ಸಲ ಕರೆ ಮಾಡಿದ್ದರಂತೆ. ಮಾರನೇ ದಿನ, ಟ್ರೇನಿನಲ್ಲಿ ನೆಟ್‌ವರ್ಕ್ ಇರಲಿಲ್ಲ ಅಂತ ಹೇಳಿದ್ದನಂತೆ. ಇವತ್ತು ಮನೆಗೆ ಹೋಗುತ್ತಿದ್ದಾನೆ, ಟ್ರೇನಿನ ಮಾತು ಸುಳ್ಳು ಅಂತಾದರೂ ಹೇಳಿ ಬರುತ್ತೇನೆ ಅಂದ.